ನಿನ್ನ ಪಾಳಿ ಐತಿ, ಸಾವಕಾಶ ಆಡು

ಈ ಬರಹ ಯಾವ ವಿಡಿಯೊ ಗೇಮ್ ಬಗ್ಗೆಯೋ ಅದರ ಹೆಸರನ್ನು ನಾನು ಬರೆಯಬಲ್ಲೆ, ಬಾಯಿಬಿಟ್ಟು ಹೇಳುವುದು ಕಷ್ಟ. ‘ಬಾಲ್ಡರ್ಸ್ ಗೇಟ್ 3’. ನನಗೆ ಉಗ್ಗು ಇದೆ. ಪ, ಬ, ಮ ಅಕ್ಷರಗಳಿಂದ ಶುರುವಾಗುವ ಪದ ಬಂತೆಂದರೆ ತುಟಿಗಳು ಗೋಂದು ಹಚ್ಚಿದಂತೆ ಅಂಟಿಕೊಳ್ಳುತ್ತವೆ. ಬನಶಂಕರಿಗೆ ಹೋಗಬೇಕಾದಾಗ ಕಂಡಕ್ಟರ್ ಮುಂದೆ ‘ಬ’ ಹೊರಡದೆ, ಅದರಾಚೆಯ ಸ್ಟಾಪ್ ಹೆಸರು ಹೇಳಿ ಹೆಚ್ಚು ದುಡ್ಡು ಕೊಟ್ಟು, ನಡುವೆಯೇ ಇಳಿದುಕೊಂಡವನು ನಾನು. ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಬೇಕೆನಿಸಿದ ದಿನವೂ ಇಡ್ಲಿ ಹೇಳಿದ್ದೇನೆ. ನನ್ನ ಹೆಸರೂ ಇದೇ ಗುಂಪಿನ ಅಕ್ಷರದಿಂದ ಶುರುವಾಗುತ್ತದೆ. ಹೆಸರಿಡುವಾಗ ಅಪ್ಪ ಅಮ್ಮನಿಗೆ ಏನು ಗೊತ್ತಿತ್ತು, ಪಾಪ. ಹಾಗಾಗಿ ನಮ್ಮ ರೂಮಿನಲ್ಲಿ ಈ ಆಟಕ್ಕೆ ‘ಡೈಸ್ ಆಟ’ ಎಂದೇ ಹೆಸರಾಯಿತು. ನನಗೋಸ್ಕರ ಎಂದು ಯಾರೂ ಹೇಳಲಿಲ್ಲ. ಒಂದು ದಿನ ನಾನು ಹಾಗೆ ಕರೆದೆ, ಉಳಿದವರೂ ಹಾಗೆಯೇ ಕರೆಯತೊಡಗಿದರು.

ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದರಲ್ಲಿ ನಾವು ನಾಲ್ವರಿದ್ದೇವೆ. ಗದಗದವನು ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ರೂಮಿನಲ್ಲಿ ತಿಂಗಳಿಗೊಮ್ಮೆ ದುಡ್ಡಿನ ಮುಖ ಕಾಣುವವನು ಅವನೊಬ್ಬನೇ. ಹಾಸನದವನು ಪಿಡಿಒ ಪರೀಕ್ಷೆಗೆ, ಬಳ್ಳಾರಿಯವನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾರೆ. ನಾನು ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವುದು ಇದು ಎರಡನೇ ವರ್ಷ. ಎಡಿಟಿಂಗ್‌ಗೆಂದು ಗದಗದವನು ಕಂತಿನಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಆಟಕ್ಕೆ 150 ಜಿಬಿ ಜಾಗ ಬೇಕು ಎಂದು ಗೊತ್ತಾದಾಗ ಯಾರದೋ ಆರತಕ್ಷತೆಯ ವಿಡಿಯೊಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕ್‌ಗೆ ಸಾಗಿಸಿದ. ನಾಲ್ವರೂ ದುಡ್ಡು ಹಾಕಿ ಕೊಂಡೆವು. ಪಿ.ಜಿ.ಯ ವೈಫೈನಲ್ಲಿ ಅದು ಇಳಿಯಲು ಮೂರು ರಾತ್ರಿ ಹಿಡಿಯಿತು.

ಕಂಪ್ಯೂಟರ್ ಒಂದು, ಮೌಸ್ ಒಂದು, ಆಡುವವರು ನಾಲ್ವರು. ಗುಂಡು ಹಾರಿಸುವ ಆಟವಾಗಿದ್ದರೆ ಇದು ಆಗದ ಮಾತು. ಈ ಆಟದಲ್ಲಿ ಆಗುತ್ತದೆ. ಯಾಕೆಂದರೆ ಇಲ್ಲಿ ನಾವು ಆಡಿಸುವುದು ಒಬ್ಬ ವೀರನನ್ನಲ್ಲ, ನಾಲ್ವರ ತಂಡವನ್ನು. ಮತ್ತು ಹೊಡೆದಾಟ ಶುರುವಾದ ಕೂಡಲೇ ಲೋಕ ನಿಂತುಬಿಡುತ್ತದೆ. ಪರದೆಯ ಮೇಲ್ಭಾಗದಲ್ಲಿ ಎಲ್ಲರ ಪುಟ್ಟ ಪುಟ್ಟ ಮುಖಗಳು ಸಾಲಾಗಿ ಬರುತ್ತವೆ, ನಮ್ಮವರದೂ ವೈರಿಗಳದೂ. ಆ ಸಾಲಿನ ಪ್ರಕಾರ ಒಬ್ಬೊಬ್ಬರೇ ಆಡಬೇಕು. ಒಬ್ಬರ ಸರದಿ ಮುಗಿಯುವವರೆಗೆ ಉಳಿದವರೆಲ್ಲ ನಿಂತಲ್ಲೇ ನಿಂತಿರುತ್ತಾರೆ, ಕತ್ತಿ ಎತ್ತಿದ ರಾಕ್ಷಸನೂ ಸೇರಿದಂತೆ. ನಾವು ಒಬ್ಬೊಬ್ಬರು ಒಂದೊಂದು ಪಾತ್ರ ಹಂಚಿಕೊಂಡೆವು. ಯಾರ ಪಾತ್ರದ ಸರದಿಯೋ ಅವರ ಕೈಗೆ ಮೌಸ್.

ಕಥೆಯನ್ನು ಎರಡು ಸಾಲಿನಲ್ಲಿ ಹೇಳುವುದಾದರೆ, ಮೈಂಡ್ ಫ್ಲೇಯರ್ ಎಂಬ, ಮುಖದಲ್ಲಿ ಆಕ್ಟೋಪಸ್‌ನಂಥ ಬಾಲಗಳಿರುವ ಜೀವಿಗಳು ನಮ್ಮನ್ನು ಹಿಡಿದು ಕಣ್ಣಿನ ಮೂಲಕ ಮಿದುಳಿಗೊಂದು ಗೊದಮೊಟ್ಟೆಯನ್ನು ಬಿಟ್ಟಿರುತ್ತವೆ. ಅದು ಒಳಗೇ ಬೆಳೆದರೆ ನಾವೂ ಅವುಗಳಂತೆಯೇ ಆಗಿಬಿಡುತ್ತೇವೆ. ಹಡಗು ಒಡೆದು ದಡಕ್ಕೆ ಬಿದ್ದ ನಮಗೆ ಅದೇ ರೋಗದ ಇನ್ನಷ್ಟು ಜನ ಸಿಗುತ್ತಾರೆ. ಮದ್ದು ಹುಡುಕುತ್ತಾ ಹೊರಡುವುದು. ಕಲ್ಲಿನಲ್ಲಿ ತೆರೆದ ಮಾಯಾದ್ವಾರದಿಂದ ಬರೀ ಒಂದು ಕೈ ಹೊರಚಾಚಿಕೊಂಡು ‘ಎಳೀರಪ್ಪ’ ಎನ್ನುವ ಮಾಂತ್ರಿಕ, ಪಂಜರದಲ್ಲಿ ನೇತಾಡುತ್ತಲೇ ನಮ್ಮ ಮೇಲೆ ರೇಗುವ ಯೋಧೆ, ಹೀಗೆ ಒಬ್ಬೊಬ್ಬರದೂ ಒಂದೊಂದು ಥರ.

ಇದನ್ನು ಮಾಡಿದ್ದು ಬೆಲ್ಜಿಯಂನ ಗೆಂಟ್ ನಗರದ ಲೇರಿಯನ್ ಸ್ಟುಡಿಯೋಸ್. ಸ್ವೆನ್ ವಿಂಕೆ 1996ರಲ್ಲಿ ಕಟ್ಟಿದ ಕಂಪನಿ. ಇದೇ ಹೆಸರಿನ ಮೊದಲೆರಡು ಆಟಗಳನ್ನು 1998 ಮತ್ತು 2000ದಲ್ಲಿ ಮಾಡಿದ್ದು ಕೆನಡಾದ ಬಯೋವೇರ್. ಅವುಗಳಲ್ಲಿ ಹೊಡೆದಾಟ ಓಡುತ್ತಲೇ ಇರುತ್ತಿತ್ತು, ಬೇಕೆಂದಾಗ ನಾವೇ ನಿಲ್ಲಿಸಿಕೊಳ್ಳಬೇಕಿತ್ತು. ಲೇರಿಯನ್‌ನವರು ಮೂರನೆಯದನ್ನು ಕೈಗೆತ್ತಿಕೊಂಡಾಗ ಅದನ್ನು ಸರದಿಯ ಆಟವಾಗಿ ಬದಲಿಸಿದರು. ಇಂಥ ಆಟ ಈ ಕಾಲಕ್ಕೆ ತೀರಾ ನಿಧಾನ ಎಂಬ ಗೊಣಗಾಟ ಆಗಲೂ ಇತ್ತು. 2020ರ ಅಕ್ಟೋಬರ್‌ನಲ್ಲಿ ಅರ್ಧಂಬರ್ಧ ಆಟವನ್ನೇ ಜನರ ಕೈಗೆ ಕೊಟ್ಟು, ಅವರು ಆಡುವುದನ್ನು ನೋಡುತ್ತಾ ತಿದ್ದುತ್ತಾ, ಪೂರ್ತಿ ಆಟ ಹೊರಬಂದದ್ದು 2023ರ ಆಗಸ್ಟ್ 3ರಂದು. ಆ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ವರ್ಷದ ಆಟ ಪ್ರಶಸ್ತಿ ಅದಕ್ಕೇ ಬಂತು. ನಿಯಮಗಳೆಲ್ಲ ಇನ್ನೂ ಹಳೆಯವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದವರು ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಆಟದಿಂದ ಬೆಳೆದು ಬಂದವು. ಅಂದರೆ ಮೂಲದಲ್ಲೇ ಇದು ನಾಲ್ಕಾರು ಗೆಳೆಯರು ಒಂದೆಡೆ ಕುಳಿತು ಆಡುವ ಆಟ. ನಾವು ಪಿ.ಜಿ. ಮಂಚದ ಮೇಲೆ ಒತ್ತೊತ್ತಾಗಿ ಕೂತು ಆಡಿದ್ದು ತಪ್ಪೇನಲ್ಲ.

ಗದಗದವನು ಒಬ್ಬ ಬಾರ್ಡ್‌ನನ್ನು ಸೃಷ್ಟಿಸಿದ, ಅಂದರೆ ವಾದ್ಯ ಹಿಡಿದ ಹಾಡುಗಾರ, ಮಾತಿನ ಮಲ್ಲ. ಈ ಬಾರ್ಡ್‌ಗೆ ಒಂದು ಮಂತ್ರ ಇದೆ, ವೈರಿಯನ್ನು ಬೈದರೆ ಸಾಕು ಅವನಿಗೆ ಪೆಟ್ಟಾಗುತ್ತದೆ. ಗದಗದವನಿಗೆ ಹೇಳಿ ಮಾಡಿಸಿದ ಪಾತ್ರ. ಹಾಸನದವನು ಲೇಝೆಲ್ ಎಂಬ ಆ ಕೋಪಿಷ್ಠ ಯೋಧೆಯನ್ನು ತೆಗೆದುಕೊಂಡ. ಬಳ್ಳಾರಿಯವನು ಆಸ್ಟೇರಿಯನ್‌ನನ್ನು. ಅವನು ರಕ್ತ ಕುಡಿಯುವ ಪಿಶಾಚಿ, ಕಳ್ಳ, ಮೇಲೆ ಸೊಗಸುಗಾರ. ಉಳಿದದ್ದು ಷಾಡೋಹಾರ್ಟ್. ಕ್ಲೆರಿಕ್. ಅಂದರೆ ದೇವತೆಯ ಸೇವೆಗೆ ನಿಂತವಳು, ಬಿದ್ದವರನ್ನು ಎಬ್ಬಿಸುವವಳು. ನರ್ಸ್ ಕೆಲಸ ಎಂದು ಯಾರಿಗೂ ಬೇಡವಾಗಿದ್ದ ಪಾತ್ರ ನನ್ನ ಪಾಲಿಗೆ ಬಂತು. ನಾನು ಬೇಡ ಅನ್ನಲಿಲ್ಲ. ‘ಬೇಡ’ ಎನ್ನುವುದೂ ‘ಬ’ ಅಲ್ಲವೇ.

ಸರದಿಯ ಸಾಲು ನಿರ್ಧಾರವಾಗುವುದು ದಾಳದಿಂದ. ಪ್ರತಿಯೊಬ್ಬರಿಗೂ ನಾಲ್ಕು ಮುಖದ ದಾಳ ಒಂದು ಬೀಳುತ್ತದೆ, ಅದಕ್ಕೆ ಆ ಪಾತ್ರದ ಚುರುಕುತನದ ಅಂಕ ಸೇರುತ್ತದೆ. ಮೇಜಿನ ಮೇಲಾಡುವ ಮೂಲ ಆಟದಲ್ಲಿ ಇದಕ್ಕೆ ಇಪ್ಪತ್ತು ಮುಖದ ದಾಳ. ಅಲ್ಲಿ ಅದೃಷ್ಟ ಇದ್ದರೆ ನಿಧಾನಿಯೂ ಮೊದಲು ಬರಬಹುದು. ಇಲ್ಲಿ ಬರೀ ನಾಲ್ಕಾದ್ದರಿಂದ ಚುರುಕಾದವರೇ ಹೆಚ್ಚಾಗಿ ಮುಂದೆ. ಆಸ್ಟೇರಿಯನ್ ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು, ನನ್ನ ಷಾಡೋಹಾರ್ಟ್ ಬಹುತೇಕ ಬಾಲದಲ್ಲಿ. ಆದರೆ ಸಾಲಿನಲ್ಲಿ ಅವಳ ಮುಖ ಇದ್ದೇ ಇರುತ್ತದೆ. ಅವಳ ಸರದಿ ಬಂದಾಗ ಒಂದಷ್ಟು ನಡೆಯಬಹುದು, ಒಂದು ಮುಖ್ಯ ಕೆಲಸ ಮಾಡಬಹುದು, ಜೊತೆಗೊಂದು ಸಣ್ಣ ಕೆಲಸ. ಯೋಚಿಸಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು. ಗಡಿಯಾರ ಓಡುವುದಿಲ್ಲ.

ಮೊದಲ ವಾರ ಹಾಸನದವನಿಗೆ ಇದು ಸಹಿಸಲಾಗದ ಹಿಂಸೆ. “ಲೋ, ಬೇಗ ಹೊಡ್ಯೋ, ಅನ್ನ ಆರೋಗ್ತಿದೆ” ಎನ್ನುತ್ತಿದ್ದ. ಆಗ ಗದಗದವನು ಮಂಚದ ಆ ತುದಿಯಿಂದ ಹೇಳಿದ್ದು ಶೀರ್ಷಿಕೆಯಲ್ಲಿರುವ ಮಾತು: “ಸುಮ್ನ ಕೂಡಲೇ ನೀ. ದೋಸ್ತ, ನಿನ್ನ ಪಾಳಿ ಐತಿ, ಸಾವಕಾಶ ಆಡು.”

ಅವನಿಗೆ ಅದು ಎರಡು ನಿಮಿಷದಲ್ಲಿ ಮರೆತುಹೋಗಿರುವ ಮಾತು. ನನಗೆ ಮರೆಯಲಾಗದ್ದಕ್ಕೆ ಕಾರಣ ಹೇಳಬೇಕೆಂದರೆ ಕಾಲೇಜಿನ ಕೊನೆಯ ವರ್ಷಕ್ಕೆ ಹೋಗಬೇಕು.

ಕ್ಯಾಂಪಸ್ ಆಯ್ಕೆಗೆ ಒಂದು ಕಂಪನಿ ಬಂದಿತ್ತು. ಲಿಖಿತ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ. ಮುಂದಿನದು ಗ್ರೂಪ್ ಡಿಸ್ಕಷನ್. ಹತ್ತು ಜನ ವೃತ್ತಾಕಾರದಲ್ಲಿ ಕುರ್ಚಿ ಹಾಕಿಕೊಂಡು, ಮನೆಯಿಂದಲೇ ಕೆಲಸ ಮಾಡುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಹದಿನೈದು ನಿಮಿಷ ಮಾತಾಡಬೇಕು. ನಾನು ಕಾಗದದ ಮೇಲೆ ನಾಲ್ಕು ಅಂಶ ಬರೆದುಕೊಂಡಿದ್ದೆ. ನಾಲ್ಕೂ ಚೆನ್ನಾಗಿದ್ದವು, ಈಗಲೂ ಹಾಗೇ ಅನಿಸುತ್ತದೆ. ಆದರೆ ಜಿ.ಡಿ.ಯಲ್ಲಿ ಸಾಲು ಇರುವುದಿಲ್ಲ. ಇಬ್ಬರ ಮಾತಿನ ನಡುವೆ ಒಂದು ಕ್ಷಣ ಬಿರುಕು ಬಿಟ್ಟಾಗ ಯಾರು ನುಗ್ಗುತ್ತಾರೋ ಅವರದು. ನಾನು ಉಸಿರೆಳೆದುಕೊಂಡು ತುಟಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಎರಡು ವಾಕ್ಯ ಮುಗಿಸಿರುತ್ತಿದ್ದರು. ಕೊನೆಗೆ ನಡೆಸಿಕೊಡುತ್ತಿದ್ದವರು, ಮಾತಾಡದವರು ಯಾರಾದರೂ ಇದ್ದೀರಾ ಎಂದರು. ಒಂಬತ್ತು ಮುಖಗಳು ನನ್ನ ಕಡೆ ತಿರುಗಿದವು. ನನ್ನ ಇಂಗ್ಲಿಷ್ ವಾಕ್ಯ ಶುರುವಾಗಬೇಕಿದ್ದದ್ದು ‘ಮೋಸ್ಟ್’ ಎಂಬ ಪದದಿಂದ. “ಮ... ಮ...” ಎಂದು ನಿಂತೆ. ಪಕ್ಕದ ಹುಡುಗಿಗೆ ಪಾಪ ಅನಿಸಿರಬೇಕು. ನನ್ನ ವಾಕ್ಯವನ್ನು ಅವಳೇ ಪೂರ್ತಿ ಮಾಡಿ, “ಅದನ್ನೇ ಅಲ್ವಾ ನೀವು ಹೇಳೋಕೆ ಹೊರಟಿದ್ದು?” ಎಂದು ನಗುತ್ತಾ ಕೇಳಿದಳು.

ಅದು ನಾನು ಹೇಳಹೊರಟ ಮಾತಲ್ಲ. ಅದಕ್ಕೆ ತದ್ವಿರುದ್ಧ. ನಾನು ತಲೆಯಾಡಿಸಿ ಹೌದು ಎಂದೆ.

ಆಯ್ಕೆಯಾಗದ್ದು ನನ್ನನ್ನು ಅಷ್ಟು ಕಾಡಲಿಲ್ಲ. ಹೌದು ಎಂದು ತಲೆಯಾಡಿಸಿದ್ದು ಕಾಡಿತು. ಎಷ್ಟೋ ರಾತ್ರಿ ಆ ಕುರ್ಚಿಯಲ್ಲಿ ಮತ್ತೆ ಮತ್ತೆ ಕೂತು ಆ ವಾಕ್ಯವನ್ನು ಬೇರೆ ಬೇರೆ ಪದಗಳಿಂದ ಶುರುಮಾಡಿ ನೋಡಿದ್ದೇನೆ.

ಆಟಕ್ಕೆ ಬರುತ್ತೇನೆ. ನಮ್ಮ ರೂಮಿನ ದೊಡ್ಡ ಯುದ್ಧವೆಂದರೆ ಜೇಡದ್ದು. ಹಾಳು ಬಿದ್ದ ಒಂದು ಹಳ್ಳಿಯ ಬಾವಿಯಲ್ಲಿಳಿದರೆ ಒಳಗೆ ಗುಹೆ. ಅಲ್ಲಿ ಮಿನಿವ್ಯಾನ್ ಗಾತ್ರದ ರಾಣಿ ಜೇಡ, ಸುತ್ತ ಮೊಟ್ಟೆಗಳ ರಾಶಿ. ಅದು ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ, ವಿಷ ಉಗುಳುತ್ತದೆ. ಗುಹೆಯ ನಡುವೆ ಪಾತಾಳ. ಬಂಡೆಯಿಂದ ಬಂಡೆಗೆ ಬಲೆಯ ಸೇತುವೆಗಳು. ನಾವು ಅಲ್ಲಿಗೆ ಹೋಗಬೇಕಾದ ವಯಸ್ಸಿಗಿಂತ ಮೊದಲೇ ಹೋಗಿದ್ದೆವು, ಹಾಸನದವನ ಅವಸರದಿಂದ.

ಮೂರನೇ ಸುತ್ತಿಗೆ ಲೇಝೆಲ್ ನೆಲಕ್ಕೆ ಬಿದ್ದಳು. ಈ ಆಟದಲ್ಲಿ ಬಿದ್ದವರು ಕೂಡಲೇ ಸಾಯುವುದಿಲ್ಲ. ಅವರ ಸರದಿ ಬಂದಾಗಲೆಲ್ಲ ಒಂದು ದಾಳ ಬೀಳುತ್ತದೆ. ಮೂರು ಸಲ ಗೆದ್ದರೆ ಉಸಿರು ನಿಲ್ಲುತ್ತದೆ ಎಂಬ ಭಯವಿಲ್ಲ, ಮೂರು ಸಲ ಸೋತರೆ ಮುಗಿಯಿತು. ಲೇಝೆಲ್ ಎರಡು ಸಲ ಸೋತಾಗಿತ್ತು. ಹಾಸನದವನು ಎದ್ದು ಕಿಟಕಿ ಹತ್ತಿರ ಹೋಗಿ ನಿಂತಿದ್ದ. ಆಸ್ಟೇರಿಯನ್ ಬಾಣ ಬಿಟ್ಟ, ತಪ್ಪಿತು. ಬಾರ್ಡ್ ಬೈದ, ಜೇಡಕ್ಕೆ ಬೈಗುಳ ತಾಗಲಿಲ್ಲ. ಜೇಡ ತನ್ನ ಸರದಿ ಮುಗಿಸಿ ಆಚೆಯ ಸೇತುವೆಯ ಮೇಲೆ ಹೋಗಿ ನಿಂತಿತು. ಸಾಲಿನ ಕೊನೆಯ ಮುಖ ನನ್ನದು.

ಮೊದಲಿಗರ ಕೈಯಲ್ಲಿ ಬರೀ ಊಹೆ ಇರುತ್ತದೆ, ಯಾರು ಎಲ್ಲಿಗೆ ಹೋಗುತ್ತಾರೋ ಎಂದು. ಕೊನೆಯಲ್ಲಿ ಆಡುವವಳಿಗೆ ಎಲ್ಲ ಕಣ್ಣೆದುರಿಗಿರುತ್ತದೆ. ಯಾರಿಗೆ ಎಷ್ಟು ಗಾಯ, ವೈರಿ ನಿಂತದ್ದು ಎಲ್ಲಿ, ಯಾವುದರ ಮೇಲೆ. ನಾನು ಪರದೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಐದಾರು ನಿಮಿಷ ಆಗಿರಬೇಕು. ಗದಗದವನು ತಂದಿಟ್ಟ ಚಹಾ ಕೆನೆಗಟ್ಟಿತು. ಯಾರೂ ಮಾತಾಡಲಿಲ್ಲ.

ಷಾಡೋಹಾರ್ಟ್ ಬಳಿ ‘ಹೀಲಿಂಗ್ ವರ್ಡ್’ ಎಂಬ ಮಂತ್ರವಿದೆ. ಹತ್ತಿರ ಹೋಗಬೇಕಿಲ್ಲ, ದೂರದಿಂದ ಒಂದು ಮಾತು ಹೇಳಿದರೆ ಬಿದ್ದವರು ಕಣ್ಣು ಬಿಡುತ್ತಾರೆ. ಅದು ಸಣ್ಣ ಕೆಲಸದ ಲೆಕ್ಕ. ಅದನ್ನು ಲೇಝೆಲ್‌ಗೆ ಹೇಳಿದೆ. ಮುಖ್ಯ ಕೆಲಸ ಇನ್ನೂ ಬಾಕಿ ಇತ್ತು. ಅವಳ ಕೈಯಲ್ಲಿ ಸಣ್ಣದೊಂದು ಬೆಂಕಿಯ ಮಂತ್ರವೂ ಇದೆ. ಅದನ್ನು ಜೇಡಕ್ಕೆ ಹೊಡೆದರೆ ಸೊಳ್ಳೆ ಕಚ್ಚಿದಷ್ಟು ಪೆಟ್ಟು. ನಾನು ಜೇಡಕ್ಕೆ ಹೊಡೆಯಲಿಲ್ಲ, ಅದು ನಿಂತಿದ್ದ ಬಲೆಗೆ ಹೊಡೆದೆ. ಬಲೆ ಭಗ್ಗನೆ ಹತ್ತಿಕೊಂಡು ರಾಣಿ ಕೆಳಗಿನ ಬಂಡೆಗೆ ಧೊಪ್ಪೆಂದು ಬಿತ್ತು. ನಮ್ಮ ನಾಲ್ವರ ಕತ್ತಿ ಬಾಣಗಳಿಂದ ಆಗದ ಪೆಟ್ಟು ಆ ಒಂದು ಬೀಳುವಿಕೆಯಿಂದ ಆಯಿತು. ಹಾಸನದವನು ಕಿಟಕಿಯಿಂದ ಓಡಿಬಂದು ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು. ಪಕ್ಕದ ರೂಮಿನವರು ಗೋಡೆ ಬಡಿದರು.

ಬೆಂಕಿಗೆ ಬಲೆ ಸುಡುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಅಂತರ್ಜಾಲದಲ್ಲಿ ಈ ಉಪಾಯವನ್ನು ಸಾವಿರಾರು ಜನ ಹೇಳಿಕೊಂಡಿದ್ದಾರೆ ಎಂದು ಆಮೇಲೆ ತಿಳಿಯಿತು. ಇರಲಿ. ನನಗೆ ಅದು ನನ್ನದೇ.

ಇನ್ನು ಮಾತಿನ ವಿಷಯ. ಈ ಆಟದಲ್ಲಿ ಹೊಡೆದಾಟಕ್ಕಿಂತ ಮಾತೇ ಹೆಚ್ಚು. ಎದುರಾದವರೆಲ್ಲ ನಿಜವಾದ ನಟರ ದನಿಯಲ್ಲಿ ಮಾತಾಡುತ್ತಾರೆ. ಇಲಿ, ಬೆಕ್ಕು, ಹೆಣಗಳನ್ನೂ ಮಾತಾಡಿಸಬಹುದು. ಆದರೆ ನಾವೇ ಸೃಷ್ಟಿಸಿದ ನಾಯಕ ಮಾತ್ರ ಸಂಭಾಷಣೆಯಲ್ಲಿ ದನಿ ಎತ್ತುವುದಿಲ್ಲ. ಅವನು ಹೇಳಬಹುದಾದ ಮಾತುಗಳು ಪರದೆಯ ಕೆಳಗೆ ಅಕ್ಷರಗಳಾಗಿ ಬರುತ್ತವೆ, ನಾವು ಒಂದನ್ನು ಒತ್ತುತ್ತೇವೆ, ಎದುರಿನವರು ಕೇಳಿಸಿಕೊಂಡವರಂತೆ ಉತ್ತರಿಸುತ್ತಾರೆ. ಹೆಚ್ಚಿನವರಿಗೆ ಇದು ಕೊರತೆ ಎನಿಸುತ್ತದಂತೆ, ನಾಯಕ ಮೂಗನ ಹಾಗೆ ನಿಂತಿರುತ್ತಾನೆ ಎಂದು. ನಾನು ಮೊದಲ ಸಲ ನೋಡಿದಾಗ ಬೆರಗಾದೆ. ನಾಯಕ ಸುಮ್ಮನಿರುತ್ತಾನೆ, ಎದುರಿನವರು ಕಾಯುತ್ತಾರೆ, ಅವನ ವಾಕ್ಯವನ್ನು ಯಾರೂ ಅರ್ಧಕ್ಕೆ ಕಿತ್ತುಕೊಳ್ಳುವುದಿಲ್ಲ.

ಯಾರನ್ನಾದರೂ ಒಪ್ಪಿಸಬೇಕು, ಹೆದರಿಸಬೇಕು, ಸುಳ್ಳು ಹೇಳಿ ನಂಬಿಸಬೇಕು ಎಂದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. 1 ಬಿದ್ದರೆ ಎಂಥ ಮಾತುಗಾರನೂ ಸೋತಂತೆ. 20 ಬಿದ್ದರೆ ಎಂಥ ಪೆದ್ದನೂ ಗೆದ್ದಂತೆ. ಗದಗದವನ ಬಾರ್ಡ್‌ಗೆ ಎರಡು ಸಲ 1 ಬಿದ್ದಾಗ ನನಗೆ ಒಳಗೊಳಗೇ ಖುಷಿಯಾಗಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ದಾಳ ಉರುಳುವ ಮುನ್ನ ಷಾಡೋಹಾರ್ಟ್ ‘ಗೈಡೆನ್ಸ್’ ಎಂಬ ಸಣ್ಣ ಮಂತ್ರ ಹಾಕಿದರೆ ನಾಲ್ಕು ಮುಖದ ಇನ್ನೊಂದು ದಾಳದ ಅಂಕವೂ ಸೇರುತ್ತದೆ. 15 ಬೇಕಾದಲ್ಲಿ 13 ಬಿದ್ದು, ನನ್ನ 2 ಸೇರಿ ಪಾರಾದದ್ದು ಎಷ್ಟು ಸಲವೋ. ಬಾರ್ಡ್ ಮಾತಿಗೆ ನಿಂತರೆ ಸಾಕು, ಗದಗದವನು ನನ್ನತ್ತ ತಿರುಗಿ ಕೈಚಾಚುತ್ತಿದ್ದ, ಭಿಕ್ಷೆ ಬೇಡುವವನ ಹಾಗೆ.

ಊರಿನಲ್ಲಿ ಅಜ್ಜಿ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡಿಸುತ್ತಿದ್ದಳು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಅಲ್ಲೂ ನಾನು ‘ಚೌಕ’ ಎಂದು ಕೂಗುವುದರಲ್ಲಿ ಎಂದೂ ತಡವರಿಸಿದ್ದಿಲ್ಲ. ‘ಚ’ ನನಗೆ ಸಲೀಸು.

ಆದರೆ ಈ ಆಟದಿಂದ ನನಗೆ ಒಂದು ಕೆಟ್ಟ ಚಾಳಿಯೂ ಹತ್ತಿತು. ಎಫ್5 ಒತ್ತಿದರೆ ಆಟ ಉಳಿಯುತ್ತದೆ, ಎಫ್8 ಒತ್ತಿದರೆ ಉಳಿಸಿದ ಜಾಗಕ್ಕೆ ಹಿಂದಿರುಗುತ್ತದೆ. ಮಧ್ಯಾಹ್ನ ಉಳಿದ ಮೂವರೂ ಹೊರಗಿದ್ದಾಗ ನಾನು ಒಬ್ಬನೇ ಬೇರೆ ಆಟ ಶುರುಮಾಡಿ ಆಡುತ್ತಿದ್ದೆ. ಅದರಲ್ಲಿ ನನ್ನ ನಾಯಕ ಒಂದು ಮಾತಿನಲ್ಲೂ ಸೋಲಬಾರದು ಎಂದು ಹಟ. ದಾಳ ಕೈಕೊಟ್ಟ ಕೂಡಲೇ ಎಫ್8. ಮತ್ತೆ ಅದೇ ಮಾತು, ಮತ್ತೆ ದಾಳ, ಮತ್ತೆ ಎಫ್8. ಗಾಬ್ಲಿನ್‌ಗಳ ಬಿಡಾರದ ಕಾವಲುಗಾರನೊಬ್ಬನನ್ನು ಒಪ್ಪಿಸಲು ಹನ್ನೊಂದು ಸಲ ಹಿಂದೆ ಹೋಗಿದ್ದೇನೆ. ಅದನ್ನು ಗದಗದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದನಂತೆ. “ಸೋತ್ರ ಏನಾಗ್ತದ ಅಂತ ನೋಡಾಕ ಅಷ್ಟ್ಯಾಕ ಅಂಜತಿ?” ಎಂದ.

ನಾನು ಉತ್ತರ ಕೊಡಲಿಲ್ಲ. ಕೋಪ ಬಂತು. ನಿನಗೇನು ಗೊತ್ತು, ನೀನು ಹುಟ್ಟುತ್ತಲೇ ಬಾರ್ಡ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಿಜ ಜೀವನದಲ್ಲಿ ಎಫ್8 ಇಲ್ಲ ಎಂಬ ಮಾತನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಕಷ್ಟ ಅದಲ್ಲ. ನನ್ನ ತಲೆಯಲ್ಲಿ ಎಫ್8 ಇತ್ತು, ಮತ್ತು ಅದು ಆ ಜಿ.ಡಿ.ಯ ಕುರ್ಚಿಗೆ ಮಾತ್ರ ಹಿಂದಿರುಗುತ್ತಿತ್ತು. ಎಷ್ಟು ಸಲ ಹೋದರೂ ಅಲ್ಲಿ ಬೇರೇನೂ ಆಗುತ್ತಿರಲಿಲ್ಲ.

ಅದಾದ ಮೇಲೆ ರೂಮಿನ ಆಟದಲ್ಲಿ ಒಂದು ಕಾನೂನು ಮಾಡಿಕೊಂಡೆವು, ಮಾತಿನಲ್ಲಿ ಸೋತರೆ ಹಿಂದೆ ಹೋಗುವಂತಿಲ್ಲ. ಆಟದಲ್ಲೇ ಇಂಥದ್ದೊಂದು ಬಗೆ ಇದೆ, ‘ಹಾನರ್ ಮೋಡ್’ ಎಂದು. 2023ರ ನವೆಂಬರ್ ಕೊನೆಯಲ್ಲಿ ಸೇರಿಸಿದ್ದು. ಒಂದೇ ಒಂದು ಸೇವ್, ತಂಡ ಪೂರ್ತಿ ಸತ್ತರೆ ಕಥೆ ಮುಗಿಯಿತು. ಅಷ್ಟು ಎದೆಗಾರಿಕೆ ನಮಗಿರಲಿಲ್ಲ. ನಮ್ಮದು ಅರ್ಧ ಹಾನರ್. ಆಗ ಗೊತ್ತಾಯಿತು, ಮಾತು ಸೋತಲ್ಲಿ ಆಟ ನಿಲ್ಲುವುದಿಲ್ಲ. ಕಾವಲುಗಾರ ಒಪ್ಪದಿದ್ದರೆ ಹೊಡೆದಾಟ, ಇಲ್ಲವೇ ಗೋಡೆಯ ಹಿಂದೆ ಸುತ್ತಿಬಳಸಿ ಹತ್ತುವ ದಾರಿ. ನಮ್ಮ ಅತ್ಯಂತ ಮಜವಾದ ರಾತ್ರಿಗಳು ಬಾರ್ಡ್‌ನ ಮಾತು ಕೆಟ್ಟ ರಾತ್ರಿಗಳೇ.

ಎಲ್ಲ ಸರದಿಯ ಆಟಗಳೂ ಹೀಗಿಲ್ಲ. 2025ರಲ್ಲಿ ಬಂದ ಫ್ರಾನ್ಸ್‌ನ ‘ಕ್ಲೇರ್ ಅಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಕೂಡ ತಂಡದ ಆಟವೇ, ಸರದಿಯದ್ದೇ. ಆದರೆ ವೈರಿ ಹೊಡೆಯುವಾಗ ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಿ ತಪ್ಪಿಸಿಕೊಳ್ಳಬೇಕು. ಹಾಸನದವನಿಗೆ ಅದೇ ಇಷ್ಟ, ಜೀವ ಇರುವ ಆಟ ಅದು ಎನ್ನುತ್ತಾನೆ. ಚೆಂದದ ಆಟ ಎಂಬುದರಲ್ಲಿ ಅನುಮಾನವಿಲ್ಲ. ಗಳಿಗೆ ತಪ್ಪಿದರೆ ಪೆಟ್ಟು ಎನ್ನುವ ಲೆಕ್ಕ ನನಗೆ ದಿನವಿಡೀ ಇರುವುದರಿಂದ ರಾತ್ರಿಯೂ ಯಾಕೆ ಎಂದು ನಾನು ಅದನ್ನು ಬಿಟ್ಟೆ.

ನಮ್ಮ ಆಟದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಾಲಿನಲ್ಲಿ ನಮ್ಮವರ ಇಬ್ಬರ ಮುಖಗಳು ಅಕ್ಕಪಕ್ಕ ಬಂದರೆ, ಅವರಿಬ್ಬರಲ್ಲಿ ಯಾರು ಬೇಕಾದರೂ ಮೊದಲು ಆಡಬಹುದು. ಲೇಝೆಲ್ ಮತ್ತು ಷಾಡೋಹಾರ್ಟ್ ಆಗಾಗ ಹೀಗೆ ಜೋಡಿಯಾಗುತ್ತಾರೆ. ಆಗ ಹಾಸನದವನು ಕೇಳದೆಯೇ ಮೌಸ್ ಎಳೆದುಕೊಂಡು ಕತ್ತಿ ಬೀಸಿಬಿಡುತ್ತಿದ್ದ. ನಾನು ಮೊದಲು ಆಡಿದರೆ ಲಾಭ ಹೆಚ್ಚು. ‘ಬ್ಲೆಸ್’ ಎಂಬ ಮಂತ್ರ ಹಾಕಿದರೆ ಮೂವರ ಪ್ರತಿ ಹೊಡೆತಕ್ಕೂ ನಾಲ್ಕು ಮುಖದ ದಾಳ ಸೇರುತ್ತದೆ. ಇದು ನನಗೆ ಮೊದಲ ತಿಂಗಳೇ ಗೊತ್ತಿತ್ತು. ಹೇಳಲಿಲ್ಲ. ಹೇಳಬೇಕಾದರೆ ಮೊದಲ ಅಕ್ಷರವೇ ‘ಬ’. ಅಷ್ಟರಲ್ಲಿ ಕತ್ತಿ ಬೀಸಿ ಆಗಿರುತ್ತಿತ್ತು. ಎರಡನೇ ತಿಂಗಳಲ್ಲಿ ಒಂದು ದಿನ “ತಡಿ” ಎಂದೆ. ‘ತ’ ನನಗೆ ಹೊರಡುತ್ತದೆ. ಹಾಸನದವನು ಮೌಸ್ ಬಿಟ್ಟು ನನ್ನ ಮುಖ ನೋಡಿದ. ಅಷ್ಟೇ ಸಾಕಿತ್ತು ಅಂತ ಗೊತ್ತಿದ್ದರೆ ಇನ್ನೂ ಮೊದಲೇ ಹೇಳುತ್ತಿದ್ದೆ.

ಕಳೆದ ತಿಂಗಳು ಒಂದು ಸಣ್ಣ ಕಂಪನಿಯಲ್ಲಿ ಸಂದರ್ಶನವಿತ್ತು. ಎದುರಿಗೆ ಮೂವರು. ಹೆಸರು ಕೇಳುವ ಮುನ್ನವೇ ನಾನು “ತಡೀರಿ ಸರ್, ಒಂದು ವಿಷಯ ಹೇಳ್ಬೇಕು” ಎಂದೆ. ನನಗೆ ಉಗ್ಗು ಇದೆ, ಉತ್ತರ ಗೊತ್ತಿದ್ದರೂ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ದಯವಿಟ್ಟು ನನ್ನ ಮಾತನ್ನು ನನಗೇ ಮುಗಿಸಲು ಬಿಡಿ ಎಂದು ಹೇಳಿದೆ. ಇಷ್ಟು ಹೇಳಲು ಎಷ್ಟು ಹೊತ್ತಾಯಿತೋ, ಬೆವರು ಕಾಲರ್‌ಗಿಳಿದಿತ್ತು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ನನ್ನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದರು. ಮೊದಲ ಅಕ್ಷರವನ್ನು ಒತ್ತದೆ, ಮೆಲ್ಲಗೆ ಎಳೆದು ಹೇಳುವುದನ್ನು ಅಲ್ಲಿ ಕಲಿಸಿದ್ದರು. ಎಳೆದು ಹೇಳಿದರೆ ಜನ ನಗುತ್ತಾರೆಂದು ಕಾಲೇಜಿಗೆ ಬಂದ ಮೇಲೆ ಅದನ್ನು ಬಿಟ್ಟಿದ್ದೆ. ಅಂದು ಎಳೆದೆ. ನಡುವೆ ಕೂತಿದ್ದವರು ಪೆನ್ ಕೆಳಗಿಟ್ಟು, “ಟೈಮ್ ತಗೊಳ್ಳಿ” ಎಂದರು. ಪಕ್ಕದವರು ಒಮ್ಮೆ ಗಡಿಯಾರ ನೋಡಿಕೊಂಡರು. ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕಿದ್ದದ್ದು ಮುಕ್ಕಾಲು ಗಂಟೆಯಾಯಿತು. ಎರಡು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಉಳಿದವನ್ನೆಲ್ಲ ನಾನೇ ಮುಗಿಸಿದೆ.

ಮೂರು ವಾರ ಕಳೆದಿದೆ, ಅವರಿಂದ ಇನ್ನೂ ಮೇಲ್ ಬಂದಿಲ್ಲ. ಬರದೆಯೂ ಇರಬಹುದು. ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ನೋಡುವುದಂತೂ ನಡೆದೇ ಇದೆ.

ಮೊನ್ನೆ ಶನಿವಾರ ರಾತ್ರಿ ನಾವು ಎರಡನೇ ಅಂಕದಲ್ಲಿದ್ದೆವು. ಶಾಪ ತಗುಲಿ ಸದಾ ಕತ್ತಲಾಗಿರುವ ನಾಡು, ಬೆಳಕಿಲ್ಲದೆ ಕಾಲಿಟ್ಟರೆ ಕತ್ತಲೇ ಕಚ್ಚುತ್ತದೆ. ನೆರಳಿನಂಥ ಜೀವಿಗಳು ನಾಲ್ಕೂ ಕಡೆಯಿಂದ ಮೇಲೆದ್ದವು. ದಾಳ ಉರುಳಿ ಮುಖಗಳು ಸಾಲಾದವು. ಲೇಝೆಲ್, ಪಕ್ಕದಲ್ಲೇ ಷಾಡೋಹಾರ್ಟ್. ಹಾಸನದವನ ಕೈ ಅಭ್ಯಾಸಬಲದಿಂದ ಮೌಸ್ ಕಡೆ ಹೋಯಿತು.

“ತಡಿ” ಎಂದೆ.

ಅವನು ನಿಂತ. ಅಲ್ಲಿಗೆ ಬಿಡಬಹುದಿತ್ತು, ಸುಮ್ಮನೆ ಮೌಸ್ ತೆಗೆದುಕೊಂಡು ಮಂತ್ರ ಒತ್ತಬಹುದಿತ್ತು. ಅದೇಕೋ ಅಂದು ಬಾಯಿಂದಲೇ ಹೇಳಬೇಕೆನಿಸಿತು. “ಬ...” ಎಂದು ಶುರುಮಾಡಿದೆ. ತುಟಿ ಅಂಟಿತು. ಬಿಟ್ಟೆ. ಮತ್ತೆ ಮೆಲ್ಲಗೆ ಎಳೆದೆ. ನಾನು ಹೇಳಬೇಕಾದ ಪದ ಯಾವುದೆಂದು ಮೂವರಿಗೂ ಗೊತ್ತಿತ್ತು. ನೂರು ಸಲ ನೋಡಿದ ಮಂತ್ರ ಅದು. ಬಳ್ಳಾರಿಯವನು ಶೇಂಗಾ ಸುಲಿಯುತ್ತಿದ್ದವನು ಹಾಗೇ ಕೈಯಲ್ಲಿ ಹಿಡಿದು ಕೂತ. ಗದಗದವನು ಫ್ಯಾನ್ ನೋಡುತ್ತಿದ್ದ. ಯಾರೂ ಆ ಪದ ಹೇಳಲಿಲ್ಲ.

“ಬ್ಲೆಸ್” ಎಂದೆ.

“ಹಾಕು ಮತ್ತ” ಎಂದ ಗದಗದವನು.

ಹಾಕಿದೆ. ಲೇಝೆಲ್ ಮುಂದೆ ನುಗ್ಗಿ ಕತ್ತಿ ಬೀಸಿದಳು. ದಾಳ 2 ಬಿತ್ತು, ನನ್ನದು ಸೇರಿದರೂ ಸಾಲಲಿಲ್ಲ. ಏಟು ತಪ್ಪಿತು. ಹಾಸನದವನು ದಾಳಕ್ಕೂ ಬೆಲ್ಜಿಯಂಗೂ ಸೇರಿಸಿ ಬೈಯತೊಡಗಿದ. ಮೌಸ್ ಬಳ್ಳಾರಿಯವನ ಕೈಗೆ ಹೋಯಿತು.